ಉರಿಯುತ್ತಲ್ಲ ಸಾರ್, ಇನ್ನೇನು?

ಜರ್ಮನಿಯ ಕಡ್ಡಾಯ ವಾಹನ ತಪಾಸಣೆಗೆ ಹೋಗಿದ್ದೆ. ತಪಾಸಣೆಯವರು ನನ್ನ ಕಾರಿನ ಹಿಂದಿನ ದೀಪ ಉರಿಯುತ್ತದಾ ಅಂತ ಮೊದಲು ನೋಡಲೇ ಇಲ್ಲ. ಟಾರ್ಚ್ ಹಿಡಿದು ಬಗ್ಗಿದರು. ದೀಪದ ಅಂಚಿನಲ್ಲಿ ಏನೋ ಹುಡುಕಿದರು. ಎಡಗಡೆ ಒಮ್ಮೆ, ಬಲಗಡೆ ಒಮ್ಮೆ. ಆಮೇಲೆ ಕಾಗದದ ಮೇಲೆ ಬರೆದರು: ಫೇಲ್.

"ಚೆನ್ನಾಗಿ ಉರಿಯುತ್ತಲ್ಲ?" ಅಂದೆ. "ಉರಿಯುತ್ತದೆ, ಆದರೆ ಗುರುತು ಇಲ್ಲ" ಅಂದರು. ಮುಖದಲ್ಲಿ ಸಿಟ್ಟೂ ಇಲ್ಲ, ನಗುವೂ ಇಲ್ಲ.

ನಾನಿರುವುದು ಸ್ಟುಟ್‌ಗಾರ್ಟ್‌ನಲ್ಲಿ. ಕಾರು 2010ರ ಫೋಕ್ಸ್‌ವ್ಯಾಗನ್ ಗಾಲ್ಫ್. ಪಾರ್ಕಿಂಗ್‌ನಲ್ಲಿ ಯಾರೋ ಗುದ್ದಿ ಎಡಗಡೆ ದೀಪ ಒಡೆದಿತ್ತು. ಒಡೆದದ್ದು ಹೇಗೂ ಒಡೆದಿದೆ, ಹೊಸ ನಮೂನೆಯ ಎಲ್‌ಇಡಿ ಸೆಟ್ಟನ್ನೇ ಹಾಕೋಣ ಅನ್ನಿಸಿತು. ಇದೇ ಗಾಲ್ಫಿನ ದುಬಾರಿ ಮಾದರಿಗೆ ಕಂಪನಿಯೇ ಅಂಥದ್ದನ್ನು ಕೊಟ್ಟಿತ್ತು. ನಾನು ತರಿಸಿದ್ದು ಅದರ ಹಾಗೇ ಕಾಣುವ ಅಗ್ಗದ್ದು. ಕಾರಿನ ಮೈಗೆ ಎರಡು, ಡಿಕ್ಕಿ ಬಾಗಿಲಿಗೆ ಎರಡು. ಒಂದು ಶನಿವಾರ ನಾನೇ ಕೂತು ಹಾಕಿದೆ.

ಹುಡುಕುತ್ತಿದ್ದ ಗುರುತು ಏನು ಗೊತ್ತಾ? ಸಣ್ಣ ವೃತ್ತ, ಒಳಗೆ ಒಂದು 'ಇ', ಪಕ್ಕದಲ್ಲಿ ಅಂಕಿ. ಈ ದೀಪವನ್ನು ಪರೀಕ್ಷಿಸಿ ಒಪ್ಪಿದ್ದಾರೆ ಅನ್ನುವುದಕ್ಕೆ ಸಾಕ್ಷಿ ಅದು. ಜರ್ಮನಿಯಲ್ಲಿ ಒಪ್ಪಿಗೆ ಆಗಿದ್ದರೆ 1, ನೆದರ್ಲೆಂಡ್ಸ್‌ನಲ್ಲಾದರೆ 4. ಬೆರಳಿನ ಉಗುರಿಗಿಂತ ಚಿಕ್ಕದು. ಅದಿಲ್ಲದಿದ್ದರೆ ದೀಪ ಸೂರ್ಯನ ಹಾಗೆ ಉರಿದರೂ ಇವರ ಲೆಕ್ಕಕ್ಕಿಲ್ಲ. ಒಂದು ತಿಂಗಳೊಳಗೆ ಸರಿ ಮಾಡಿಸಿ ಮತ್ತೆ ತೋರಿಸಬೇಕು. ಮತ್ತೆ ಫೀಸು.

ಆ ಹೊತ್ತಿಗೆ ನೆನಪಾದದ್ದು ಬೆಂಗಳೂರಿನ ಜೆ.ಸಿ. ರೋಡು, ಕಾರಿನ ಸಾಮಾನು ಮಾರುವ ಅಂಗಡಿಗಳ ಬೀದಿ. ಸೋದರಮಾವನ ಹಳೇ ಮಾರುತಿ ಝೆನ್‌ನ ದೀಪ ಒಡೆದಾಗ ಹೋಗಿದ್ದೆವು. ಕಾರು ನಿಧಾನ ಆದದ್ದೇ ತಡ, ಹುಡುಗರು ಜೊತೆಗೇ ಓಡಿ ಬಂದರು. "ಸೀಟ್ ಕವರಾ ಸಾರ್? ಹಾರ್ನಾ ಸಾರ್?" ಮಾವ ಹೊಸ ನಮೂನೆಯ ದೀಪ ಇಷ್ಟಪಟ್ಟರು. ತೂತು ಸರಿಯಾಗಿ ಕೂರಲಿಲ್ಲ. ಹುಡುಗ ಅರ ತಗೊಂಡು ಎರಡು ಸಲ ಉಜ್ಜಿದ, ಒಂದು ವಾಷರ್ ಸಿಕ್ಕಿಸಿದ, ವೈರಿಗೆ ಟೇಪು ಸುತ್ತಿದ. ನಾವು ಟೀ ಕುಡಿದು ಬರೋಷ್ಟರಲ್ಲಿ ಮುಗಿದಿತ್ತು. "ಇದು ಈ ಗಾಡೀದೇ ಏನಯ್ಯಾ?" ಅಂತ ಮಾವ ಅನುಮಾನದಿಂದ ಕೇಳಿದರು. "ಉರಿಯುತ್ತಲ್ಲ ಸಾರ್, ಇನ್ನೇನು?"

ಆ ಉತ್ತರದಲ್ಲಿ ಎಷ್ಟು ಧೈರ್ಯ ಇದೆ ನೋಡಿ. ಇಲ್ಲಿ ಯಾರೂ ಹಾಗೆ ಹೇಳುವುದಿಲ್ಲ. ಇಲ್ಲಿ ಕೈಗಿಂತ ಕಾಗದ ದೊಡ್ಡದು. ನಮ್ಮಲ್ಲೂ ಕಾನೂನು ಇಲ್ಲ ಅಂತಲ್ಲ. ಗಾಡಿಯನ್ನು ಮನಸ್ಸಿಗೆ ಬಂದ ಹಾಗೆ ಬದಲಾಯಿಸಬಾರದು ಅಂತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ಆದರೆ ಹಿಂದಿನ ದೀಪ ನೋಡಿ ಗಾಡಿ ನಿಲ್ಲಿಸಿದ್ದನ್ನು ನಾನಂತೂ ಕಂಡಿಲ್ಲ. ಹೆಲ್ಮೆಟ್ ಇಲ್ಲದವರೇ ಬೇಕಾದಷ್ಟು ಸಿಗುತ್ತಾರಲ್ಲ.

ಹಾಂ, ಚಾರ್ಮಾಡಿ ಘಾಟಿಯಲ್ಲಿ ಒಮ್ಮೆ ಎದೆ ಝಲ್ಲೆಂದದ್ದು ನಿಜ. ಮಂಜು ಕವಿದಿತ್ತು, ಭಾವ ಓಡಿಸುತ್ತಿದ್ದರು. ಮುಂದಿನ ಕಾರಿನವನು ದೀಪಕ್ಕೆ ಕಪ್ಪು ಫಿಲಂ ಅಂಟಿಸಿದ್ದ. ಅವನು ಬ್ರೇಕ್ ಹಾಕಿದ್ದು ನಮಗೆ ಗೊತ್ತಾದದ್ದು ಅವನ ನಂಬರ್ ಪ್ಲೇಟ್ ಓದುವಷ್ಟು ಹತ್ತಿರ ಹೋದ ಮೇಲೆ. ಇಲ್ಲಿ ಜರ್ಮನಿಯಲ್ಲಿ ಮಂಜಿಗೆಂದೇ ಹಿಂದೆ ಇನ್ನೊಂದು ಕೆಂಪು ದೀಪ ಕಡ್ಡಾಯ. 50 ಮೀಟರು ಕೂಡ ಕಾಣದಿದ್ದಾಗ ಮಾತ್ರ ಹಾಕಬಹುದು ಅನ್ನುವ ನಿಯಮ ಬೇರೆ.

ಕೊನೆಗೆ ಕಂಪನಿಯ ಎಲ್‌ಇಡಿ ಸೆಟ್ಟನ್ನೇ ಸೆಕೆಂಡ್ ಹ್ಯಾಂಡ್ ಕೊಂಡೆ. ಅಗ್ಗದ ಸೆಟ್ಟಿನ ಮೂರರಷ್ಟು ಬೆಲೆ. ಮತ್ತೆ ಕೈ ಹಾಕುವ ಧೈರ್ಯ ಬರಲಿಲ್ಲ, ಪಕ್ಕದ ಬೀದಿಯ ಮುದುಕ ಮೆಕ್ಯಾನಿಕ್‌ಗೆ ಕೊಟ್ಟೆ. ಹಳೆಯದನ್ನು ಬಿಚ್ಚಿದವರು ನನ್ನನ್ನು ಕೂಗಿ ಕರೆದರು.

ವಿಷಯ ಏನೆಂದರೆ, ಕಾರಿನ ಜೊತೆ ಬಂದಿದ್ದ ಬ್ರೇಕ್ ಬಲ್ಬು 21 ವ್ಯಾಟಿನದು. ಎಲ್‌ಇಡಿ ಎಳೆಯುವ ಕರೆಂಟು ತೀರಾ ಕಡಿಮೆ. ಹಾಗಾಗಿ ಬಲ್ಬು ಸುಟ್ಟಿದೆ ಅಂದುಕೊಂಡು ಕಾರು ಎಚ್ಚರಿಕೆ ದೀಪ ಹಾಕುತ್ತದೆ. ಕಾರಿನ ಕಂಪ್ಯೂಟರಿಗೆ ಹೊಸ ದೀಪದ ಸುದ್ದಿ ಮುಟ್ಟಿಸಬೇಕು, ಇಲ್ಲವೇ ಬಲ್ಬಿನಷ್ಟೇ ಕರೆಂಟು ಎಳೆಯುವ ರೆಸಿಸ್ಟರ್ ಅನ್ನುವ ಸಣ್ಣ ಭಾಗ ಕೂಡಿಸಿ ಅದಕ್ಕೆ ಸುಳ್ಳು ಹೇಳಬೇಕು. ನಾನು ಸುಳ್ಳೇ ಹೇಳಿಸಿದ್ದೆ. ಆ ರೆಸಿಸ್ಟರ್ ಕಾದ ಹೆಂಚಿನ ಹಾಗೆ ಬಿಸಿಯಾಗುತ್ತದೆ. ಅದನ್ನು ಪ್ಲಾಸ್ಟಿಕ್ಕಿಗೆ ಟೇಪು ಸುತ್ತಿ ಕಟ್ಟಿದ್ದೆ. ಪ್ಲಾಸ್ಟಿಕ್ ಕರಗಿ ಗುಳಿ ಬಿದ್ದಿತ್ತು. ಪಕ್ಕದ ವೈರಿನ ಕವಚ ಮೆತ್ತಗಾಗಿತ್ತು.

ತಪಾಸಣೆಯವರಿಗೆ ಇದು ಕಂಡೇ ಇರಲಿಲ್ಲ. ಅವರು ನೋಡಿದ್ದು ಬರೀ ಗುರುತು. ಆದರೂ ಅವರು ಫೇಲ್ ಮಾಡದಿದ್ದರೆ ನಾನು ಬಿಚ್ಚಿಸುತ್ತಲೇ ಇರಲಿಲ್ಲ.

ಊರಿಗೆ ಫೋನ್ ಮಾಡಿ ಮಾವನಿಗೆ ಹೇಳಿದೆ. "ಅದನ್ನ ಬಾಡಿ ತಗಡಿಗೆ ಸ್ಕ್ರೂ ಹಾಕಿ ಕೂರಿಸಬೇಕಪ್ಪಾ. ಜೆ.ಸಿ. ರೋಡಿನ ಹುಡುಗರಿಗೂ ಗೊತ್ತು, ನಿನಗೆ ಗೊತ್ತಿಲ್ವಾ?" ಅಂದರು.

ಅಷ್ಟರಲ್ಲಿ ತಡವಾಗಿತ್ತು. ಇದನ್ನು ಕಟ್ಟಿದ್ದು ಯಾರು ಅಂತ ಮೆಕ್ಯಾನಿಕ್ ಕೇಳಿದಾಗ, ಬೆಂಗಳೂರಿನ ಒಬ್ಬ ಹುಡುಗ ಅಂತ ಹೇಳಿಬಿಟ್ಟಿದ್ದೆ.