ತಪ್ಪು ತಿಳಕೋಬ್ಯಾಡ್ರಿ, ಒಂದು ಪ್ರಶ್ನೆ ಐತಿ

ಸ್ವೀಡನ್ನಿನ ಉಪ್ಸಲಾದಲ್ಲಿ ಡಿಸೆಂಬರ್ ಅಂದರೆ ಕತ್ತಲು. ಸೂರ್ಯ ಕಾಣುವಾಗ ಬೆಳಿಗ್ಗೆ 9 ಗಂಟೆ ಹತ್ತಿರ ಆಗಿರುತ್ತದೆ. ಮಧ್ಯಾಹ್ನ 3ಕ್ಕೆ ಮೊದಲೇ ಮುಳುಗಿರುತ್ತಾನೆ. ಆಗ ಧಾರವಾಡದಲ್ಲಿ ರಾತ್ರಿ ಏಳೂವರೆ. ಅವ್ವ ಫೋನ್ ಮಾಡುತ್ತಾಳೆ.

"ಪರೀಕ್ಷಾ ಯಾವಾಗ ತಮ್ಮಾ?"

"ಜನವರಿಯಾಗ, ಅವ್ವಾ."

ಅದನ್ನು ಪರೀಕ್ಷೆ ಅನ್ನಬೇಕೋ ಬೇಡವೋ ನನಗೂ ಗೊಂದಲ. ಇಲ್ಲಿ ಪಿಎಚ್‌ಡಿ ಅಂದರೆ 4 ವರ್ಷದ ಪೂರ್ಣಾವಧಿ ಓದು. ನಡುವೆ ಅರ್ಧದಾರಿಯ ಸೆಮಿನಾರ್ ಇರುತ್ತದೆ. ನಮ್ಮ ವಿಭಾಗದಲ್ಲಿ ಅದಕ್ಕೆ ಹೊರಗಿನವರೊಬ್ಬರನ್ನು ಕರೆಸುತ್ತಾರೆ. ಅವರು ನನ್ನ ಗೈಡ್ ಅಲ್ಲ, ಗೈಡ್ ಜೊತೆ ಪೇಪರ್ ಬರೆದವರೂ ಅಲ್ಲ. ನಾನು ಬರೆದದ್ದನ್ನೆಲ್ಲ ಓದಿಕೊಂಡು ಬಂದು, ಎರಡು ಗಂಟೆ ಕೂತು ಕೇಳುತ್ತಾರೆ. ಮಾರ್ಕ್ಸ್ ಇಲ್ಲ. ತಿದ್ದಿಕೊಳ್ಳಲು ಸಮಯ ಇರುವಾಗಲೇ ತಪ್ಪು ಸಿಗಲಿ ಅಂತ ಈ ಏರ್ಪಾಡು.

ನನ್ನ ವಿಷಯ ನಮ್ಮೂರ ಕಡೆಯ ಎರೆ ಮಣ್ಣು. ನವಲಗುಂದ, ಅಣ್ಣಿಗೇರಿಯ ಹೊಲಗಳು ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಾಯಿ ಬಿಡುತ್ತವೆ. ಮಳೆ ಬಿದ್ದರೆ ಮಣ್ಣು ಉಬ್ಬಿ ಬಿರುಕು ಮುಚ್ಚುತ್ತದೆ. ಮುಚ್ಚುವ ಮೊದಲು ಎಷ್ಟು ನೀರು ಸೀದಾ ಕೆಳಗೆ ಇಳಿಯುತ್ತದೆ? ಹಿಂಗಾರಿಯ ಕಡಲೆ, ಬಿಳಿಜೋಳ ಬೆಳೆಯುವುದು ಒಳಗೆ ಉಳಿದ ತೇವದ ಮೇಲೆಯೇ ಅಲ್ವಾ? ಅಳತೆ ಅಲ್ಲಿ ಮಾಡಿದ್ದೇನೆ, ಲೆಕ್ಕ ಇಲ್ಲಿ ಹಾಕುತ್ತಿದ್ದೇನೆ.

ಹೀಗೆ ನಡುವೆ ಕೆಲಸ ತೋರಿಸುವ ನಿಯಮ ನಮ್ಮ ದೇಶದಲ್ಲೂ ಇದೆ. ಯುಜಿಸಿಯ 2022ರ ನಿಯಮದ ಪ್ರಕಾರ ಪಿಎಚ್‌ಡಿ ಮಾಡುವವರು ಪ್ರತಿ ಸೆಮಿಸ್ಟರ್‌ನಲ್ಲೂ ಸಂಶೋಧನಾ ಸಲಹಾ ಸಮಿತಿಯ ಮುಂದೆ ತಮ್ಮ ಕೆಲಸ ತೋರಿಸಬೇಕು. ಲೆಕ್ಕಕ್ಕೆ ನೋಡಿದರೆ ಇಲ್ಲಿಗಿಂತ ಜಾಸ್ತಿಯೇ ಆಯಿತು. ಆದರೆ ನಾನು ಊರಲ್ಲಿ ಕಂಡದ್ದು ಬೇರೆ. ಒಬ್ಬ ಗೆಳೆಯ ತನ್ನ ಪ್ರೋಗ್ರೆಸ್ ರಿಪೋರ್ಟ್ ದಿನ ನನ್ನನ್ನೂ ಕರೆದುಕೊಂಡು ಹೋಗಿದ್ದ. ಹದಿನೈದು ದಿನ ನಿದ್ದೆಗೆಟ್ಟು ತಯಾರಾಗಿದ್ದ. ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. "ಚಲೋ ನಡದೈತಿ, ಮುಂದುವರಸ್ರಿ" ಅಂದರು. ಸಹಿ ಹಾಕಿದರು. ಚಹಾ, ಚೂಡಾ ಬಂತು. ಅವತ್ತು ಅವನಿಗೆ ಖುಷಿಯೇ ಆಗಿತ್ತು. ನಾಲ್ಕನೇ ವರ್ಷ ಥೀಸಿಸ್ ಬರೆಯುವಾಗ ಗೊತ್ತಾಯಿತು, ಮೊದಲ ವರ್ಷದ ಪ್ರಶ್ನಾವಳಿಯಲ್ಲೇ ದೋಷ ಇತ್ತು ಅಂತ. ಎರಡು ವರ್ಷದ ಕೆಲಸ ನೀರಿಗೆ ಹೋಯಿತು. ಆ ಕೋಣೆಯಲ್ಲಿದ್ದ ಯಾರೂ ಅವನ ಕೆಡುಕು ಬಯಸಿದವರಲ್ಲ. ಕೇಳಿದರೆ ಗೈಡ್‌ಗೆ ಅವಮಾನ ಆದೀತು ಅಂತ ಸುಮ್ನೆ ಕೂತರು. ನೆನೆದರೆ ನನಗೆ ಈಗಲೂ ಸಂಕಟ ಆಗುತ್ತದೆ.

ಇಲ್ಲಿಯವರಿಗೆ ಆ ಸಂಕೋಚ ಇಲ್ಲ. 1967ರಲ್ಲಿ ಬ್ರೂರ್ ರೆಕ್ಸೆಡ್ ಅನ್ನುವವರು ಸರ್ಕಾರದ ವೈದ್ಯಕೀಯ ಮಂಡಳಿಯ ಮುಖ್ಯಸ್ಥರಾಗಿ ಬಂದರು. ನೌಕರರನ್ನೆಲ್ಲ ಹೆಸರು ಹಿಡಿದೇ ಕರೆಯುತ್ತೇನೆ ಅಂದರು. ಆಗಲೇ ಶುರುವಾಗಿದ್ದ ಬದಲಾವಣೆಗೆ ಅದು ಗುರುತಾಗಿ ಉಳಿಯಿತು. ಈಗ ಪ್ರೊಫೆಸರ್‌ಗೂ 'ನೀನು'. ದಿನಾ ಎಲ್ಲರೂ ಒಟ್ಟಿಗೆ ಕಾಫಿಗೆ ಕೂರುತ್ತಾರೆ, ಅದಕ್ಕೆ ಫಿಕಾ ಅನ್ನುತ್ತಾರೆ. ನಮ್ಮ ಪ್ರೊಫೆಸರ್ ಕುಡಿದ ಕಪ್ ತಾವೇ ತೊಳೆದಿಡುತ್ತಾರೆ. ಹೊಸಬರು ಅಲ್ಲೇ ಅವರ ಲೆಕ್ಕದಲ್ಲಿ ತಪ್ಪು ತೋರಿಸುತ್ತಾರೆ.

ಹಾಗಾದರೆ ನಮ್ಮ 'ರೀ' ಅನ್ನುವುದೇ ಅಡ್ಡಿಯಾ? ಹಲವರು ಹಾಗೆ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಚಿಕ್ಕವನಿದ್ದಾಗ ಧಾರವಾಡದಲ್ಲಿ ಹಾಡು ಕಲಿಯಲು ಹೋಗುತ್ತಿದ್ದೆ. ಆಲಾಪದ ನಡುವೆಯೇ ಗುರುಗಳ ಕೈ ಮೇಲೇಳುತ್ತಿತ್ತು. "ನಿಲ್ಲಸು. ಗಾಂಧಾರ ಇಳೀತು." ಎಲ್ಲರ ಮುಂದೆಯೇ, ಒಂದೇ ಜಾಗದಲ್ಲಿ ಹತ್ತು ಸಲ. ಬೇರೆ ಊರಿನ ಗವಾಯಿಗಳು ಬಂದು ಕೂತಿದ್ದರೆ ಗುರುಗಳೇ "ನೀವೂ ಒಂದಿಷ್ಟು ಕೇಳ್ರಿ, ತಿದ್ರಿ" ಅನ್ನುತ್ತಿದ್ದರು. ಅದರಿಂದ ಅವರ ದೊಡ್ಡತನ ಕಡಿಮೆ ಆಗಲಿಲ್ಲ. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರ ಮುಂದೆ ಕೂತದ್ದು ತಿದ್ದಿಸಿಕೊಳ್ಳಲಿಕ್ಕೇ. ಹಾಡಿನಲ್ಲಿ ಇದನ್ನೆಲ್ಲ ಬಲ್ಲ ನೆಲ ನಮ್ಮದು. ಸಂಶೋಧನೆಯ ಕೋಣೆಗೆ ಬಂದಾಗ ಮಾತ್ರ ಯಾಕೆ ಬಾಯಿ ಕಟ್ಟುತ್ತದೆ? ಗೈಡ್‌ಗಳೇ ಆ ಗುರುಗಳ ಹಾಗೆ "ನೀವೂ ತಿದ್ರಿ" ಅಂದರೆ ಸಾಕು, ಅರ್ಧ ಕೆಲಸ ಆಯಿತು.

ಇಲ್ಲಿಯದೆಲ್ಲ ಚೆನ್ನ ಅಂತಲ್ಲ. ನವೆಂಬರ್‌ನಲ್ಲಿ ಜ್ವರ ಬಂದು ನಾಲ್ಕು ದಿನ ಮಲಗಿದೆ. ಊರಿಂದ ತಂದ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು. ಅಷ್ಟರಲ್ಲೇ ದಿನ ಕಳೆಯಿತು. ಯಾರೂ ಕೇಳಲಿಲ್ಲ. ಅದು ಕಲ್ಲು ಮನಸ್ಸಲ್ಲ. ಒಬ್ಬರ ಬದುಕಿನಲ್ಲಿ ಇನ್ನೊಬ್ಬರು ತಲೆ ಹಾಕಬಾರದು ಅನ್ನುವುದು ಇವರ ಗೌರವದ ರೀತಿ. ಊರಲ್ಲಿ ಎಂಎಸ್ಸಿಗೆ ಗೈಡ್ ಆಗಿದ್ದ ನಮ್ಮ ಸರ್ ಆಗಿದ್ದರೆ ಎರಡನೇ ದಿನವೇ ಫೋನ್ ಬರುತ್ತಿತ್ತು: "ಉಂಡಿಯೇನಪಾ?" ಆ ಫೋನ್‌ನ ಬೆಲೆ ನನಗೆ ಇಲ್ಲಿಗೆ ಬಂದ ಮೇಲೆ ತಿಳಿಯಿತು. ಉಂಡಿಯೇನು ಅಂತ ಕೇಳುವ ಬಾಯಿಯೇ ಇದನ್ನು ಹೆಂಗ ಅಳದಿ ಅಂತಲೂ ಕೇಳಲಿ. ನನ್ನ ಆಸೆ ಅಷ್ಟೇ.

ಕಳೆದ ಭಾನುವಾರ ಧಾರವಾಡದ ಹಳೆಯ ಗೆಳೆಯರನ್ನು ವಿಡಿಯೋ ಕಾಲ್‌ನಲ್ಲಿ ಕೂರಿಸಿ ನನ್ನ ಸೆಮಿನಾರ್ ಪೂರ್ತಿ ಒಪ್ಪಿಸಿದೆ. ಎಲ್ಲರೂ ಚಲೋ ಐತಿ ಅಂದರು. ಕೊನೆಗೆ, ಈಗ ಪಿಎಚ್‌ಡಿಗೆ ಸೇರಿರುವ ಜೂನಿಯರ್ ಹುಡುಗಿಯೊಬ್ಬಳು ಮೈಕ್ ಆನ್ ಮಾಡಿದಳು.

"ಸರ್ರ, ತಪ್ಪು ತಿಳಕೋಬ್ಯಾಡ್ರಿ. ಈ ಬಿರುಕಿನ ಅಗಲ ಎಲ್ಲಾ ಹೊಲದಾಗೂ ಮಳಿಗಿಂತ ಮೊದಲ ಅಳದೀರೇನ್ರಿ?"

ನನ್ನ ನೋಟ್‌ಬುಕ್ ತೆಗೆದು ನೋಡಿದೆ. ನಾಲ್ಕು ಹೊಲ ಮೇ ತಿಂಗಳಲ್ಲಿ ಅಳೆದದ್ದು. ಎರಡು ಹೊಲ ಜೂನ್‌ನ ಮೊದಲ ಮಳೆ ಬಿದ್ದು ಎರಡು ದಿನ ಆದ ಮೇಲೆ ಅಳೆದದ್ದು. ಆರನ್ನೂ ಒಂದೇ ಪಟ್ಟಿಯಲ್ಲಿ ಹಾಕಿದ್ದೆ. ಮೂರು ದಿನದಿಂದ ಆ ಪಟ್ಟಿಯನ್ನು ಬಿಡಿಸಿ ಮತ್ತೆ ಲೆಕ್ಕ ಹಾಕುತ್ತಿದ್ದೇನೆ.