ಐದು ಪಟ್ಟು ಮಿತಿಗೆ ಒಪ್ಪಿದವರು ಯಾರು?

ಮೊಬೈಲ್ ಟವರ್‌ನಿಂದ ಕ್ಯಾನ್ಸರ್ ಬರುತ್ತಾ ಅಂತ ವಾರಕ್ಕೆ ಒಬ್ಬರಾದರೂ ನನ್ನನ್ನು ಕೇಳುತ್ತಾರೆ. ಮೀಟರ್ ಹಿಡಿದುಕೊಂಡು ರೇಡಿಯೋ ತರಂಗ, ವಿದ್ಯುತ್‌ಕಾಂತೀಯ ಕ್ಷೇತ್ರಗಳನ್ನು ಅಳೆಯುವುದೇ ನನ್ನ ಕೆಲಸ, ಹಾಗಾಗಿ ಕೇಳುವುದು ಸಹಜ. ಆದರೆ ಅದೇ ಆಂಟೆನಾದಿಂದ ಒಂದು ಮಾರು ದೂರದಲ್ಲಿ ನಿಂತು ಗೋಡೆಗೆ ಬಣ್ಣ ಹೊಡೆಯುವವನ ಬಗ್ಗೆ ಇದುವರೆಗೆ ಯಾರೂ ಕೇಳಿಲ್ಲ. ಈ ಬರಹ ಅವನ ಹಾಗೆ ಕೆಲಸದ ಜಾಗದಲ್ಲೇ ಈ ತರಂಗಗಳ ಹತ್ತಿರ ಇರಬೇಕಾದವರ ಬಗ್ಗೆ.

ಒಂದು ಪ್ಲಾಸ್ಟಿಕ್ ಸೀಲಿಂಗ್ ಘಟಕಕ್ಕೆ ಹೋಗಿದ್ದೆ. ರೇನ್‌ಕೋಟು, ಫೈಲ್ ಕವರ್ ಮಾಡುವ ಜಾಗ. ಆಪರೇಟರ್ ಹೆಂಗಸು ಎರಡೂ ಕೈಯಲ್ಲಿ ಹಾಳೆಯ ಅಂಚು ಹಿಡಿದು ಅಚ್ಚಿನ ಕೆಳಗೆ ಸರಿಸಿ ಪೆಡಲ್ ತುಳಿಯುತ್ತಾರೆ, ಅಚ್ಚು ಇಳಿದು ಎರಡು ಮೂರು ಸೆಕೆಂಡಿಗೆ ಹಾಳೆ ಬೆಸೆದುಕೊಳ್ಳುತ್ತದೆ. ಬೆಂಕಿ ಇಲ್ಲ, ಕಿಡಿ ಇಲ್ಲ, ಸದ್ದೂ ಇಲ್ಲ. ಹಾಳೆಯನ್ನು ಕರಗಿಸುವುದು 27.12 ಮೆಗಾಹರ್ಟ್ಸ್‌ನ ರೇಡಿಯೋ ಶಕ್ತಿ. ಅವರ ಬೆರಳು ಅಚ್ಚಿನಿಂದ ಒಂದು ಗೇಣು ದೂರವೂ ಇರಲಿಲ್ಲ. ಅಚ್ಚಿನ ಸುತ್ತ ಇರಬೇಕಾಗಿದ್ದ ಲೋಹದ ಶೀಲ್ಡ್ ಗೋಡೆಗೆ ಒರಗಿ ನಿಂತಿತ್ತು, ಅದರ ಮೇಲೆ ಧೂಳು ಕೂತಿತ್ತು. ‘ಅದಿದ್ರೆ ಹಾಳೆ ಇಡೋಕೆ ತಡ ಆಗುತ್ತೆ ಸರ್’ ಅಂದರು. ಸಂಜೆ ಹೊತ್ತಿಗೆ ಬೆರಳು ಜೋಮು ಹಿಡಿಯುತ್ತೆ, ಉಂಗುರ ಹಾಕಿಕೊಂಡು ಬಂದ ದಿನ ಅದು ಸುಡುತ್ತೆ ಅಂತಲೂ ಹೇಳಿದರು. ಮೀಟರ್ ನೋಡಿದೆ. ಕಾರ್ಮಿಕರಿಗೆ ಇರುವ ಮಿತಿಯನ್ನೂ ದಾಟಿತ್ತು.

ಇಲ್ಲಿ ಕ್ಯಾನ್ಸರ್‌ನ ಚರ್ಚೆ ಬೇಕೇ ಇಲ್ಲ. ಇದು ಶಾಖ. ಒಲೆಯ ಶಾಖವಾದರೆ ಮೊದಲು ಚರ್ಮಕ್ಕೆ ತಾಗುತ್ತದೆ, ಕೈ ತಾನಾಗಿ ಹಿಂದಕ್ಕೆ ಬರುತ್ತದೆ. ಈ ಶಕ್ತಿ ಚರ್ಮ ದಾಟಿ ಒಳಗಿನ ಮಾಂಸವನ್ನು ಬಿಸಿ ಮಾಡುವುದರಿಂದ ಉರಿ ಗೊತ್ತಾಗುವ ಹೊತ್ತಿಗೆ ತಡವಾಗಿರಬಹುದು. ಮೇಲಿಂದ ಏನೂ ಕಾಣದೆಯೂ ಆಳದಲ್ಲಿ ಸುಟ್ಟಿರಬಹುದು. ಕಣ್ಣಿನ ಮಸೂರಕ್ಕಂತೂ ರಕ್ತನಾಳವೇ ಇಲ್ಲ, ಶಾಖವನ್ನು ಹೊತ್ತೊಯ್ಯಲು ದಾರಿಯಿಲ್ಲ. ಇನ್ನು ಇಂಥ ಯಂತ್ರದ ಮುಂದೆ ನಿಂತವರ ಮೈಯೊಳಗೆ ವಿದ್ಯುತ್ತು ಹರಿದು ಕಾಲಿನ ಮೂಲಕ ನೆಲ ಸೇರುತ್ತದೆ. ಕಣಕಾಲಿನಲ್ಲಿ ಇರುವುದು ಬಹುಪಾಲು ಎಲುಬು ಮತ್ತು ಸ್ನಾಯುರಜ್ಜು. ಹರಿಯುವ ಜಾಗ ಕಿರಿದಾಗಿ ಬಿಸಿ ಅಲ್ಲೇ ಹೆಚ್ಚು. ಕಾಲಡಿಗೆ ಒಂದು ಮರದ ಮಣೆ ಹಾಕಿದರೂ ಅದು ಕಡಿಮೆಯಾಗುತ್ತದೆ. ಇಷ್ಟು ಸಣ್ಣ ವಿಷಯವನ್ನೂ ಅವರಿಗೆ ಯಾರೂ ಹೇಳಿರಲಿಲ್ಲ.

ನನ್ನ ಸಿಟ್ಟು ಇರುವುದು ಇಲ್ಲೇ. ಇಂಥ ತರಂಗಗಳಿಂದ ಜನರ ರಕ್ಷಣೆಗೆ ಮಿತಿ ಸೂಚಿಸುವ ಐಸಿಎನ್‌ಐಆರ್‌ಪಿ ಎಂಬ ಅಂತಾರಾಷ್ಟ್ರೀಯ ಆಯೋಗದ 2020ರ ಮಾರ್ಗಸೂಚಿಯಲ್ಲಿ ಎರಡು ಮಿತಿಗಳಿವೆ. ಮೈ ಹೀರಿಕೊಳ್ಳುವ ಶಕ್ತಿ ಇಡೀ ದೇಹದ ಸರಾಸರಿ ಲೆಕ್ಕದಲ್ಲಿ ತೂಕದ ಒಂದು ಕಿಲೋಗೆ 4 ವ್ಯಾಟ್ ಮಟ್ಟದಿಂದ ಹಾನಿ ಶುರುವಾಗಬಹುದು ಎಂದು ಹಿಡಿದು, ಕಾರ್ಮಿಕರಿಗೆ 0.4 ವ್ಯಾಟ್, ಜನಸಾಮಾನ್ಯರಿಗೆ 0.08 ವ್ಯಾಟ್ ಇಟ್ಟಿದ್ದಾರೆ. ಅಂದರೆ ಕೆಲಸದ ಜಾಗದಲ್ಲಿ ಐದು ಪಟ್ಟು ಹೆಚ್ಚು. ಕಾರ್ಮಿಕನ ಮೈ ಗಟ್ಟಿ ಅಂತ ಅಲ್ಲ. ಅವನು ವಯಸ್ಕ, ನಿಯಂತ್ರಿತ ಜಾಗದಲ್ಲಿ ಇದ್ದಾನೆ, ಅಪಾಯದ ಬಗ್ಗೆ ತರಬೇತಿ ಪಡೆದಿದ್ದಾನೆ, ತನ್ನನ್ನು ಕಾಪಾಡಿಕೊಳ್ಳುವುದು ಅವನಿಗೆ ಗೊತ್ತು ಎಂಬ ಷರತ್ತಿನ ಮೇಲೆ ಕೊಟ್ಟ ಮಿತಿ ಅದು. ಆ ಹೆಂಗಸಿಗೆ ತರಬೇತಿ ಆಗಿರಲಿಲ್ಲ. ಬಣ್ಣ ಹೊಡೆಯುವವನಿಗೂ ಆಗಿಲ್ಲ. ಬೂದು ಬಣ್ಣದ ಡಬ್ಬದಂಥ ಆ ಆಂಟೆನಾ ಚಾಲೂ ಇದೆಯೋ ಇಲ್ಲವೋ ನೋಡಿ ಹೇಳುವ ಹಾಗೂ ಇಲ್ಲ. ಹಾಗಿದ್ದಮೇಲೆ ಐದು ಪಟ್ಟು ಮಿತಿಯನ್ನು ಇವರಿಗೆ ಅನ್ವಯಿಸುವ ಹಕ್ಕು ಮಾಲೀಕರಿಗೆ ಎಲ್ಲಿಂದ ಬಂತು? ತರಬೇತಿ ಕೊಟ್ಟ ದಾಖಲೆ ಇಲ್ಲದಿದ್ದರೆ ಕಾರ್ಮಿಕನಿಗೂ ಜನಸಾಮಾನ್ಯರ ಮಿತಿಯೇ ಎಂದು ಕಾನೂನು ಬರೆಯಬೇಕು. ನನ್ನ ಮುಖ್ಯ ಬೇಡಿಕೆ ಇದೇ.

ಕಾನೂನಿನ ಭಾಷೆ ಎಷ್ಟು ಮುಖ್ಯ ಅನ್ನುವುದಕ್ಕೆ ಅಮೆರಿಕದ ಕಥೆ ಸಾಕು. ಅಲ್ಲಿನ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾದ ನಿಯಮದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ 10 ಮಿಲಿವ್ಯಾಟ್, 6 ನಿಮಿಷದ ಸರಾಸರಿ ಎಂಬ ಮಿತಿ 1970ರ ದಶಕದಿಂದ ಇದೆ. ಆದರೆ ಬರೆದ ಧಾಟಿ ‘ಮೀರತಕ್ಕದ್ದಲ್ಲ’ ಅಂತ ಅಲ್ಲ, ‘ಮೀರದಿದ್ದರೆ ಒಳ್ಳೆಯದು’ ಎಂಬಂಥದ್ದು. ಅದು ಬರೀ ಸಲಹೆ, ಜಾರಿ ಮಾಡಲು ಬರುವುದಿಲ್ಲ ಎಂಬ ತೀರ್ಪಾಯಿತು. ಪುಸ್ತಕದಲ್ಲಿ ಅದು ಹಾಗೇ ಉಳಿದಿದೆ. ಸಾಲದ್ದಕ್ಕೆ ಆ ಒಂದು ಅಂಕಿಯಿಂದ ಸೀಲಿಂಗ್ ಯಂತ್ರವನ್ನು ಅಳೆಯಲೂ ಆಗದು. 27 ಮೆಗಾಹರ್ಟ್ಸ್ ತರಂಗದ ಉದ್ದ ಸುಮಾರು 11 ಮೀಟರ್, ಆಪರೇಟರ್ ಕೂರುವುದು ಅರ್ಧ ಮೀಟರ್ ದೂರದಲ್ಲಿ. ಅಷ್ಟು ಹತ್ತಿರದಲ್ಲಿ ವಿದ್ಯುತ್ ಕ್ಷೇತ್ರ, ಕಾಂತ ಕ್ಷೇತ್ರ ಎರಡನ್ನೂ ಬೇರೆಬೇರೆಯಾಗಿ ಅಳೆಯಬೇಕು, ಕಾಲಿನಲ್ಲಿ ಹರಿಯುವ ವಿದ್ಯುತ್ತನ್ನೂ ನೋಡಬೇಕು.

ಯುರೋಪ್ ಒಕ್ಕೂಟ ಹೆಚ್ಚು ಚೆನ್ನಾಗಿ ಮಾಡಿದೆ. ಕಾರ್ಮಿಕರನ್ನು ಈ ಕ್ಷೇತ್ರಗಳಿಂದ ಕಾಪಾಡುವ 2004ರ ನಿರ್ದೇಶನಕ್ಕೆ ಎಂಆರ್‌ಐ ಕ್ಷೇತ್ರದವರ ವಿರೋಧ ಬಂದು ಅದು ತಡವಾಗುತ್ತಾ ಹೋಗಿ, ಕೊನೆಗೆ 2013ರಲ್ಲಿ ಹೊಸದು ಬಂತು. ಸದಸ್ಯ ದೇಶಗಳು 2016ರ ಜುಲೈ 1ರೊಳಗೆ ತಮ್ಮ ಕಾನೂನಿಗೆ ಸೇರಿಸಿಕೊಳ್ಳಬೇಕಿತ್ತು. ಅಪಾಯವನ್ನು ಅಂದಾಜು ಮಾಡುವ ಹೊಣೆ ಮಾಲೀಕನದು. ಪೇಸ್‌ಮೇಕರ್ ಇರುವವರು, ಗರ್ಭಿಣಿಯರನ್ನು ಪ್ರತ್ಯೇಕವಾಗಿ ಗಮನಿಸಬೇಕು. ದೀರ್ಘಕಾಲದ ಪರಿಣಾಮ ತನ್ನ ವ್ಯಾಪ್ತಿಗೆ ಬರುವುದಿಲ್ಲ ಎಂದೂ ಅದರಲ್ಲೇ ಇದೆ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2011ರಲ್ಲಿ ರೇಡಿಯೋ ತರಂಗಗಳನ್ನು ‘ಕ್ಯಾನ್ಸರ್‌ಕಾರಕ ಇರಬಹುದು’ ಎಂಬ 2ಬಿ ಗುಂಪಿಗೆ ಸೇರಿಸಿತು. ಆ ಸಂಶೋಧನೆ ನಡೆಯಲಿ. ಅದು ಮುಗಿಯುವವರೆಗೆ ಸುಡುವ ಬೆರಳು ಕಾಯಬೇಕಾಗಿಲ್ಲ.

ಫಿಸಿಯೋಥೆರಪಿಯಲ್ಲಿ ನೋವಿನ ಜಾಗಕ್ಕೆ ಒಳಗಿಂದ ಶಾಖ ಕೊಡುವ ಡಯಾಥರ್ಮಿ ಯಂತ್ರವೂ ಬಹುತೇಕ ಇದೇ 27.12 ಮೆಗಾಹರ್ಟ್ಸ್‌ನದು. ರೋಗಿ ಇಪ್ಪತ್ತು ನಿಮಿಷಕ್ಕೆ ಎದ್ದು ಹೋಗುತ್ತಾನೆ, ಥೆರಪಿಸ್ಟ್ ದಿನವಿಡೀ ಆ ಕೇಬಲ್‌ಗಳ ಪಕ್ಕ. ಎಂಆರ್‌ಐನ ಅಯಸ್ಕಾಂತ ಸ್ಕ್ಯಾನ್ ಇಲ್ಲದಾಗಲೂ ಆರುವುದಿಲ್ಲ. ಕಬ್ಬಿಣದ ಬಕೆಟ್ ಹಿಡಿದು ರಾತ್ರಿ ನೆಲ ಒರೆಸಲು ಬರುವವರಿಗೆ ಅದನ್ನು ಹೇಳಿರಬೇಕಲ್ಲವೇ?

ಆ ಘಟಕದಲ್ಲಿ ಸೂಪರ್‌ವೈಸರ್ ಜೊತೆ ಮಾತಾಡಿ ಶೀಲ್ಡ್ ಹಾಕಿಸಿದೆ. ನಾಲ್ಕು ಬೋಲ್ಟು, ಅರ್ಧ ಗಂಟೆ. ಮತ್ತೆ ಅಳೆದರೆ ಮಿತಿಯೊಳಗೆ ಬಂದಿತ್ತು. ಹೊರಡುವಾಗ ಆ ಹೆಂಗಸು ಮೆಲ್ಲಗೆ ಹತ್ತಿರ ಬಂದು, ‘ಮತ್ತೆ ಬಿಚ್ಚಿಟ್ರೆ ಯಾರಿಗೆ ಹೇಳ್ಬೇಕು ಸರ್?’ ಅಂದರು. ನನ್ನ ಫೋನ್ ನಂಬರ್ ಬರೆದುಕೊಟ್ಟೆ. ನಾನು ಅಳೆಯುವವನು ಮಾತ್ರ, ಯಂತ್ರ ನಿಲ್ಲಿಸುವ ಅಧಿಕಾರ ನನಗಿಲ್ಲ ಅಂತಲೂ ಹೇಳಬೇಕಾಯಿತು.