ಹೊಸಬರಿಗೆ ಸ್ವಾಗತ, ಕಲಿಸುವವರು ಸದ್ಯಕ್ಕೆ ಇಲ್ಲ

ಯಾರು ಬೇಕಾದರೂ ಕೋಡ್ ನೋಡಿ ತಿದ್ದಬಹುದಾದ ಓಪನ್ ಸೋರ್ಸ್ ತಂತ್ರಾಂಶ ಯೋಜನೆಗಳಷ್ಟು ಬಾಯ್ತುಂಬ ಸ್ವಾಗತ ಕೋರುವವರು ಈ ಭೂಮಿಯ ಮೇಲೆ ಬೇರೆ ಇರಲಿಕ್ಕಿಲ್ಲ. 'ಹೊಸಬರು ಬನ್ನಿ, ಯಾವ ಪ್ರಶ್ನೆಯೂ ಸಣ್ಣದಲ್ಲ' ಎಂದು ಮೊದಲ ಪುಟದಲ್ಲೇ ಬರೆದಿರುತ್ತಾರೆ. ಅದನ್ನು ನಂಬಿ ಬಂದ ವಿದ್ಯಾರ್ಥಿಯು 'ಗುಡ್ ಫಸ್ಟ್ ಇಶ್ಯೂ' (ಹೊಸಬರಿಗೆ ತಕ್ಕ ಸಮಸ್ಯೆ) ಎಂಬ ಹಣೆಪಟ್ಟಿ ಹೊತ್ತ ಒಂದು ಕೆಲಸವನ್ನು ಹುಡುಕಿ, 'ಸರ್, ನಾನು ಎರಡನೇ ವರ್ಷದ ವಿದ್ಯಾರ್ಥಿ, ಇದನ್ನು ದಯವಿಟ್ಟು ನನಗೆ ಅಸೈನ್ ಮಾಡುವಿರಾ?' ಎಂದು ಅದರ ಕೆಳಗೆ ಬರೆಯುತ್ತಾನೆ. ಅವನಿಗಿಂತ ಮೊದಲೇ ಹತ್ತಾರು ಮಂದಿ ಅಷ್ಟೇ ವಿನಯದಿಂದ ಅದೇ ಮಾತನ್ನು ಬರೆದಿರುತ್ತಾರೆ. ಕೊನೆಗೆ ಉತ್ತರ ಕೊಡುವುದು ಬಾಟ್ ಎಂಬ ಸ್ವಯಂಚಾಲಿತ ಪ್ರೋಗ್ರಾಂ ಮಾತ್ರ: 'ಬಹುದಿನಗಳಿಂದ ಯಾವುದೇ ಚಟುವಟಿಕೆ ಇಲ್ಲದ ಕಾರಣ ಈ ಇಶ್ಯೂವನ್ನು ಮುಚ್ಚಲಾಗಿದೆ. ನಿಮ್ಮ ಕೊಡುಗೆಗೆ ಧನ್ಯವಾದಗಳು.'

ಆ ಹಣೆಪಟ್ಟಿಯ ಮಹಿಮೆಯೇ ಬೇರೆ. ನಿಜವಾಗಿಯೂ ಸುಲಭವಾದ ಕೆಲಸವಾಗಿದ್ದರೆ ಅದು ಒಂದು ಗಂಟೆಯೂ ಉಳಿಯುವುದಿಲ್ಲ. ವರ್ಷಗಟ್ಟಲೆ ಉಳಿದಿರುವುದು ಹಳಬರೇ ಕೈಹಾಕಿ, ಸುಟ್ಟುಕೊಂಡು, ಸದ್ದಿಲ್ಲದೆ ಜಾಗ ಖಾಲಿ ಮಾಡಿದ ಕೆಲಸ. ಒಂದು ಸಾಲು ತಿದ್ದಬೇಕೆಂದರೂ ಮೊದಲು ಇಡೀ ಯೋಜನೆಯನ್ನು ಬಿಲ್ಡ್ ಮಾಡಿಕೊಳ್ಳಬೇಕು, ಅಂದರೆ ಕೋಡನ್ನು ಓಡುವ ರೂಪಕ್ಕೆ ತಂದುಕೊಳ್ಳಬೇಕು, ಅದು ಮುಕ್ಕಾಲು ದಾರಿಯಲ್ಲಿ ಕೆಂಪಕ್ಷರಗಳನ್ನು ಕಾರಿ ನಿಲ್ಲುತ್ತದೆ. ಏಕೆಂದು ಕೇಳಿದರೆ 'ಡಾಕ್ಯುಮೆಂಟೇಶನ್ ಓದಿ' ಎಂಬ ಉತ್ತರ ಬರುತ್ತದೆ. ಅಲ್ಲಿಗೆ ಹೋದರೆ, ಬೇಕಾದ ಅಧ್ಯಾಯದ ಜಾಗದಲ್ಲಿ 'ಈ ಭಾಗವನ್ನು ಇನ್ನೂ ಬರೆಯಬೇಕಾಗಿದೆ, ಕೊಡುಗೆಗಳಿಗೆ ಸ್ವಾಗತ' ಎಂದಿರುತ್ತದೆ.

ಕಲಿಸುವವರಿಲ್ಲದಿದ್ದರೂ ಬಹುಮಾನಕ್ಕೆ ಕೊರತೆಯಿರಲಿಲ್ಲ ಎಂಬುದನ್ನು ಒಪ್ಪಲೇಬೇಕು. 2014ರಲ್ಲಿ ಡಿಜಿಟಲ್‌ಓಷನ್ ಎಂಬ ಕ್ಲೌಡ್ ಕಂಪನಿ ಆರಂಭಿಸಿದ ಹ್ಯಾಕ್ಟೋಬರ್‌ಫೆಸ್ಟ್ ಎಂಬ ಅಕ್ಟೋಬರ್ ತಿಂಗಳ ಅಭಿಯಾನದಲ್ಲಿ ಕೆಲವು ಪುಲ್ ರಿಕ್ವೆಸ್ಟ್ (ತಾವು ಮಾಡಿದ ಬದಲಾವಣೆಯನ್ನು ಯೋಜನೆಗೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಕಳುಹಿಸಿದವರಿಗೆ ಟೀ ಶರ್ಟ್ ಸಿಗುತ್ತಿತ್ತು. 2020ರಲ್ಲಿ ಏನಾಯಿತೆಂದು ಎಲ್ಲರಿಗೂ ಗೊತ್ತು: ರೀಡ್‌ಮಿಗೆ (ಯೋಜನೆಯ ಪರಿಚಯ ಪುಟಕ್ಕೆ) 'ಅದ್ಭುತ ಯೋಜನೆ' ಎಂದು ಸೇರಿಸುವ ಪುಲ್ ರಿಕ್ವೆಸ್ಟ್‌ಗಳ ಪ್ರವಾಹವೇ ಹರಿದು, ಇಚ್ಛೆಯಿದ್ದ ಯೋಜನೆಗಳು ಮಾತ್ರ ಪಾಲ್ಗೊಳ್ಳಲಿ ಎಂದು ಆಯೋಜಕರು ಅಕ್ಟೋಬರ್‌ನ ಮೊದಲ ವಾರದಲ್ಲೇ ನಿಯಮ ಬದಲಿಸಬೇಕಾಯಿತು. ಮುಂದೆ ಎಕ್ಸ್‌ಪ್ರೆಸ್ ಎಂಬ ವೆಬ್ ತಂತ್ರಾಂಶ ಯೋಜನೆಯ ರೀಡ್‌ಮಿಯಲ್ಲಿ ತಮ್ಮ ಹೆಸರು ಕೆತ್ತಲು ವಿದ್ಯಾರ್ಥಿಗಳು ಮುಗಿಬಿದ್ದಾಗಲೂ ಜಗತ್ತು ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಪಾಪ, ಅವರು ವಿಡಿಯೊ ಪಾಠದಲ್ಲಿ ತೋರಿಸಿದ್ದನ್ನು ಚಾಚೂ ತಪ್ಪದೆ ಮಾಡಿದ್ದರು. ಅವರಿಗೆ ಸಿಕ್ಕಿದ್ದ ಏಕೈಕ ಗುರು ಆ ವಿಡಿಯೊ.

ಹಾಗೆಂದು ಆದರ್ಶ ಶಿಷ್ಯರೇ ಇಲ್ಲವೆನ್ನುವಂತಿಲ್ಲ. ಜಿಯಾ ಟಾನ್ ಎಂಬ ಹೆಸರಿನವನನ್ನು ನೋಡಿ. ಎಕ್ಸ್‌ಜೆಡ್ ಎಂಬ ಪುಟ್ಟ ಕಂಪ್ರೆಷನ್ (ಕಡತ ಕುಗ್ಗಿಸುವ) ಯೋಜನೆಗೆ 2021ರಿಂದ ಒಂದೊಂದೇ ಪ್ಯಾಚ್ (ತಿದ್ದುಪಡಿ) ಕಳುಹಿಸುತ್ತ, ಬೈದರೂ ಬೇಸರಿಸದೆ, ಟೀ ಶರ್ಟ್ ಕೇಳದೆ, ಪ್ರಮಾಣಪತ್ರ ಬೇಡದೆ ದುಡಿದ. ಅದನ್ನು ಸಂಬಳವಿಲ್ಲದೆ ಒಬ್ಬರೇ ನೋಡಿಕೊಳ್ಳುತ್ತ ಬಳಲಿದ್ದ ನಿರ್ವಾಹಕರು, ಇಂಥ ಸಹಾಯಕ ಸಿಕ್ಕನಲ್ಲ ಎಂದು ಕ್ರಮೇಣ ಬೀಗದಕೈಯನ್ನೇ ಒಪ್ಪಿಸಿದರು. ಕೆಲಸವನ್ನು ಬೇಗ ಬೇರೆಯವರಿಗೆ ವಹಿಸಿ ಎಂದು ಅವರನ್ನು ಪೀಡಿಸಲು ಇನ್ನೂ ಕೆಲವು ಅಪರಿಚಿತ ಹೆಸರುಗಳು ಸಕಾಲಕ್ಕೆ ಹುಟ್ಟಿಕೊಂಡವು. 2024ರ ಮಾರ್ಚ್‌ನಲ್ಲಿ, ದೂರದ ಸರ್ವರ್‌ಗೆ ಪ್ರವೇಶಿಸುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಎಂದು ಆಂಡ್ರೆಸ್ ಫ್ರೊಯಿಂಡ್ ಎಂಬ ಎಂಜಿನಿಯರ್ ತಲೆ ಕೆರೆದುಕೊಳ್ಳದಿದ್ದರೆ, ಆ ಶಿಷ್ಯೋತ್ತಮ ಬಿಡುಗಡೆಯೊಳಗೆ ಅಡಗಿಸಿಟ್ಟಿದ್ದ ಹಿಂಬಾಗಿಲು ಜಗತ್ತಿನ ಅಸಂಖ್ಯ ಸರ್ವರ್‌ಗಳಲ್ಲಿ ತೆರೆದುಕೊಳ್ಳುತ್ತಿತ್ತು. ವರ್ಷಗಟ್ಟಲೆ ತಾಳ್ಮೆಯಿಂದ ಕಾದು ಕೂರುವಷ್ಟು ಬಿಡುವು ಇದ್ದದ್ದು ಅವನೊಬ್ಬನಿಗೇ. ಅಂದಿನಿಂದ, ಅತಿ ವಿನಯದ ಹೊಸಬ ಬಂದರೂ ಅನುಮಾನ, ಒರಟ ಬಂದರೂ ಅನುಮಾನ.

ನಗು ಸಾಕು. ಈ ನಿರ್ವಾಹಕರನ್ನು ದೂರಿ ಪ್ರಯೋಜನವಿಲ್ಲ. 2014ರಲ್ಲಿ ಹಾರ್ಟ್‌ಬ್ಲೀಡ್ ಎಂಬ ಭದ್ರತಾ ದೋಷ ಬಯಲಾದಾಗ, ಅಂತರ್ಜಾಲದ ಬಹುಪಾಲು ಸುರಕ್ಷತೆ ನಿಂತಿದ್ದ ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ತಂತ್ರಾಂಶಕ್ಕೆ ಪೂರ್ಣಾವಧಿ ದುಡಿಯುತ್ತಿದ್ದವರು ಒಬ್ಬರೇ ಎಂಬುದೂ ಬಯಲಾಯಿತು. 2005ರಿಂದ ನಡೆಯುತ್ತಿರುವ ಗೂಗಲ್ ಸಮ್ಮರ್ ಆಫ್ ಕೋಡ್ ಎಂಬ ಕಲಿಕಾ ಕಾರ್ಯಕ್ರಮದಲ್ಲಿ ಕಲಿಯುವವರಿಗೆ ಸ್ಟೈಪೆಂಡ್ ಇದೆ. ಕಲಿಸುವವರು ಅಲ್ಲಿಯೂ ಸ್ವಯಂಸೇವಕರು. ಹಗಲಿಡೀ ನೌಕರಿ ಮಾಡಿ, ರಾತ್ರಿ ಮಗುವನ್ನು ಮಲಗಿಸಿ ಬಂದವನ ಮುಂದೆ ನೂರು 'ಅಸೈನ್ ಮಾಡುವಿರಾ' ಬಿದ್ದಿದ್ದರೆ ಅವನು ಬಾಟ್ ಇಡದೆ ಇನ್ನೇನು ಮಾಡಬೇಕು?

ಅತ್ತ ಆ ಎರಡನೇ ವರ್ಷದ ಹುಡುಗನೂ ಪ್ರೀತಿ ಉಕ್ಕಿ ಬಂದವನಲ್ಲ. ಕೆಲಸದ ಅರ್ಜಿಯಲ್ಲಿ 'ಓಪನ್ ಸೋರ್ಸ್ ಕೊಡುಗೆ' ಎಂಬ ಕಾಲಂ ಇದೆ, ಅದು ಖಾಲಿಯಿದ್ದರೆ ಕರೆ ಬರುವುದಿಲ್ಲವೆಂದು ಹೆದರಿ ಬಂದವನು. ಆ ಕಾಲಂ ಇಟ್ಟವರು, ಈ ಬಿಟ್ಟಿ ಕೋಡ್‌ನ ಮೇಲೆಯೇ ವ್ಯಾಪಾರ ಕಟ್ಟಿ, ತರಬೇತಿಯ ಖರ್ಚನ್ನೂ ಬಿಟ್ಟಿಯಾಗಿ ದುಡಿಯುವವರ ತಲೆಗೇ ಕಟ್ಟಿ ಕೈತೊಳೆದುಕೊಂಡಿದ್ದಾರೆ. ಹೊಸಬನೊಬ್ಬನ ಪಕ್ಕ ಕುಳಿತು ಅವನ ಕೋಡ್ ಓದಲು, ಎಲ್ಲಿ ತಪ್ಪಿದೆಯೆಂದು ಹೇಳಲು ಒಂದು ಗಂಟೆ ಬೇಕು. ಆ ಗಂಟೆಯ ಸಂಬಳವನ್ನು ಅವರು ಕೊಡಲಿ. ಇಲ್ಲವೇ ಅರ್ಜಿಯಿಂದ ಆ ಕಾಲಂ ಕಿತ್ತುಹಾಕಲಿ.